ಬೀದಿಗೆ ಬಿದ್ದ ತೇಗದ ಬೆಂಚಿನಿಂದ ಸ್ಪಿಯರ್‌ಗನ್ ಮಾಡಬಹುದಾ?

ಶರಾವತಿದಂಡೆ

ನಮಸ್ಕಾರ. ನಾನು ಹೊನ್ನಾವರದ ಕಡೆಯವನು. ಈಗ ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ ಕೆಲಸ. ಎರಡು ವರ್ಷದಿಂದ ಗೆಳೆಯನ ಅಲ್ಯೂಮಿನಿಯಂ ಸ್ಪಿಯರ್‌ಗನ್ (ರಬ್ಬರ್ ಎಳೆದು ನೀರೊಳಗೆ ಮೀನಿಗೆ ಈಟಿ ಹೊಡೆಯುವ ಗನ್) ಕಡ ತಗೊಂಡು ರೀಫ್‌ಗೆ, ಅಂದರೆ ಹವಳದ ದಿಬ್ಬಕ್ಕೆ, ಹೋಗುತ್ತಿದ್ದೇನೆ. ಎಷ್ಟು ದಿನ ಅಂತ ಕಡ ಕೇಳುವುದು?

ಹೋದ ವಾರ ನಮ್ಮ ಬೀದಿಯಲ್ಲಿ ಯಾರೋ ಒಂದು ಹಳೆ ತೋಟದ ಬೆಂಚು ಹೊರಗಿಟ್ಟಿದ್ದರು. ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗಿತ್ತು. ಉಗುರಲ್ಲಿ ಕೆರೆದು ಮೂಸಿದೆ. ತೇಗ! ಅಪ್ಪನ ಜೊತೆ ಮರಗೆಲಸಕ್ಕೆ ಹೋದವನಿಗೆ ಆ ವಾಸನೆ ಮರೆಯುವುದುಂಟಾ? ರಾತ್ರಿಯೇ ಹೊತ್ತು ತಂದೆ. ಹೆಂಡತಿ ಇನ್ನೂ ಸರಿಯಾಗಿ ಮಾತಾಡಿಸಿಲ್ಲ.

ಬೆನ್ನೊರಗುವ ಕಡೆಯ ಮೇಲಿನ ಅಡ್ಡಪಟ್ಟಿ ಒಂದೂವರೆ ಮೀಟರ್ ಉದ್ದ, 7 ಸೆಂ.ಮೀ. ಅಗಲ, 4.5 ಸೆಂ.ಮೀ. ದಪ್ಪ. ಕೂರುವ ಪಟ್ಟಿಗಳು 2 ಸೆಂ.ಮೀ. ದಪ್ಪ. ಆ ದೊಡ್ಡ ಪಟ್ಟಿಯಲ್ಲಿ ಒಂದೇ ತುಂಡಿನ ಗನ್ ಕೆತ್ತೋಣ ಅಂತಿದ್ದೇನೆ. ಮಾಡಿದವರು ಯಾರಾದರೂ ಇದ್ದೀರಾ?

ಉಳಿಚಾಣ

ಪರ್ತ್‌ನಿಂದ. ನಾನು ಇಲ್ಲಿವರೆಗೆ ಆರು ಮರದ ಗನ್ ಮಾಡಿದ್ದೇನೆ. ಅದರಲ್ಲಿ ಎರಡು ಒಲೆಗೆ ಹೋದವು.

ತೇಗ ಸಿಕ್ಕಿದ್ದು ನಿಮ್ಮ ಪುಣ್ಯ. ಅದರ ಚೇಗಿನಲ್ಲಿ ಎಣ್ಣೆ ಇದೆ, ನೀರಿಗೆ ಬೇಗ ಕೊಳೆಯಲ್ಲ, ಹಿಗ್ಗುವುದು ಕುಗ್ಗುವುದು ಕಡಿಮೆ. ಆದರೆ ಒಂದೇ ತುಂಡಿನಲ್ಲಿ ಮಾಡಬೇಡಿ. ಎಂಥ ಒಣಗಿದ ಮರವಾದರೂ ಒಳಗಿನ ಎಳೆ ಒಂದು ಕಡೆ ಎಳೆಯುತ್ತಿರುತ್ತದೆ. ಮೇಲಿಂದ ಕೊಯ್ದ ತಕ್ಷಣ ಅದು ತನ್ನ ಬುದ್ಧಿ ತೋರಿಸುತ್ತದೆ. ರೀಫ್‌ಗೆ 110 ಸೆಂ.ಮೀ. ಗನ್ ಸಾಕು. ಅಷ್ಟುದ್ದದಲ್ಲಿ 2 ಮಿ.ಮೀ. ಡೊಂಕಾದರೂ ಗುರಿ ಹೋಯಿತು ಅಂತಲೇ ಲೆಕ್ಕ.

ಕೂರುವ ಪಟ್ಟಿಗಳಲ್ಲಿ ಮೂರು ತಗೊಳ್ಳಿ. 15 ಮಿ.ಮೀ.ಗೆ ಹತ್ತರಿ ಹೊಡೆಯಿರಿ. ಪಕ್ಕಪಕ್ಕ ನಿಲ್ಲಿಸಿ ಅಂಟಿಸಿ. ಹೊರಗಿನ ಎರಡು ಪಟ್ಟಿಗಳ ಎಳೆ ಒಂದಕ್ಕೊಂದು ಎದುರು ಬದುರು ಇರಲಿ, ಕನ್ನಡಿಯಲ್ಲಿ ನೋಡಿದ ಹಾಗೆ. ಒಂದು ಎಡಕ್ಕೆ ಎಳೆದರೆ ಇನ್ನೊಂದು ಬಲಕ್ಕೆ ಎಳೆಯುತ್ತದೆ. ಜಗಳ ಸಮಬಲ ಆದರೆ ಮರ ನೆಟ್ಟಗೆ ನಿಲ್ಲುತ್ತದೆ.

ಸಿಡ್ನಿಸಂಜೆ

ಕ್ಷಮಿಸಿ, ತಣ್ಣೀರು ಎರಚುತ್ತಿದ್ದೇನೆ. ಟ್ರಿಗರ್, ಈಟಿ, ರಬ್ಬರ್, ಎಪಾಕ್ಸಿ ಅಂಟು, ದಾರ ಎಲ್ಲ ಕೊಂಡರೆ ಅಂಗಡಿಯ ಗನ್‌ಗೆ ಹತ್ತಿರವೇ ಬರುತ್ತದೆ. ಕೆಲಸ ಲೆಕ್ಕ ಹಾಕಿದರೆ ಇನ್ನೂ ದುಬಾರಿ. ಸುಮ್ನೆ ಒಂದು ರೆಡಿಮೇಡ್ ತಗೊಂಡು ನೀರಿಗೆ ಇಳಿಯಬಾರದಾ?

ಶರಾವತಿದಂಡೆ

ದುಡ್ಡು ಉಳಿಸುವುದಕ್ಕಲ್ಲ ಸರ್. ಬೆಂಚು ನೋಡಿದ ಮೇಲೆ ಕೈ ಕಟ್ಟಿ ಕೂರಲು ಆಗುತ್ತಿಲ್ಲ ಅಷ್ಟೇ.

ರಾಜಾಜಿನಗರ 2ನೇ ಬ್ಲಾಕ್

ಬೆಂಗಳೂರಿನಲ್ಲಿ ಕೂತು ಓದುತ್ತಿದ್ದೇನೆ, ಸಮುದ್ರ 350 ಕಿ.ಮೀ. ದೂರ. ಒಂದು ಅನುಮಾನ. ಟ್ರಿಗರ್ ಯಾಕೆ ಕೊಳ್ಳಬೇಕು? ನನ್ನ ಹತ್ತಿರ 3ಡಿ ಪ್ರಿಂಟರ್ ಇದೆ. ಅದರಲ್ಲಿ ಅಥವಾ ಹಿತ್ತಾಳೆಯಲ್ಲಿ ಮಾಡಿದರೆ ಆಗಲ್ವಾ? ಆಮೇಲೆ ಇಂಥದ್ದನ್ನು ನೇತ್ರಾಣಿ ದ್ವೀಪದಲ್ಲಿ ಬಳಸಬಹುದಾ?

ಉಳಿಚಾಣ

ಟ್ರಿಗರ್ ವಿಷಯಕ್ಕೆ ಮೊದಲು ಬರುತ್ತೇನೆ. ಇಲ್ಲಿ ನಾನು ಹಟಮಾರಿ.

ನನ್ನ ಮೊದಲ ಗನ್‌ಗೆ ಹಿತ್ತಾಳೆಯ ಟ್ರಿಗರ್ ನಾನೇ ಅರದಲ್ಲಿ ತೀಡಿ ಮಾಡಿದ್ದೆ. ನೋಡಲು ಚಂದವಿತ್ತು. ಹದಿನೈದು ಇಪ್ಪತ್ತು ಸಲ ಹೊಡೆದ ಮೇಲೆ ಈಟಿಯನ್ನು ಕಚ್ಚಿ ಹಿಡಿಯುವ ಹಲ್ಲಿನ ಅಂಚು ಕಣ್ಣಿಗೆ ಕಾಣದಷ್ಟು ಸವೆದಿತ್ತು. ಒಂದು ಬೆಳಿಗ್ಗೆ ಎರಡನೇ ರಬ್ಬರ್ ಸಿಕ್ಕಿಸಿ ಕೈ ತೆಗೆದೆ, ಈಟಿ ತಾನಾಗಿ ಹೊರಟಿತು. ಗೆಳೆಯನ ಕಾಲಿನ ಫಿನ್‌ಗೆ ತೂತು ಮಾಡಿ ನಿಂತಿತು. ಒಂದು ಗೇಣು ಈಚೆ ಇದ್ದಿದ್ದರೆ ಅವನ ಮೀನಖಂಡ. ಎರಡು ರಬ್ಬರ್ ಪೂರ್ತಿ ಎಳೆದಾಗ ಆ ಪುಟ್ಟ ಹಲ್ಲಿನ ಮೇಲೆ ಒಬ್ಬ ಆಳಿನ ತೂಕದಷ್ಟು ಎಳೆತ ಇರುತ್ತದೆ. ಪ್ಲಾಸ್ಟಿಕ್, ಹಿತ್ತಾಳೆ ಇದಕ್ಕಲ್ಲ. ಗಟ್ಟಿ ಸ್ಟೇನ್‌ಲೆಸ್ ಸ್ಟೀಲಿನ ರೆಡಿಮೇಡ್ ಟ್ರಿಗರ್ ಪೆಟ್ಟಿಗೆ ಸಿಗುತ್ತದೆ. ಬೇರೆ ಎಲ್ಲ ಮನೆಯಲ್ಲಿ ಮಾಡಿ, ಇದೊಂದನ್ನು ಮಾತ್ರ ಬೇಡ.

ನೇತ್ರಾಣಿ ಬಗ್ಗೆ ಊರಿನವರು ಹೇಳಲಿ.

ಮಲ್ಪೆಬಂದರು

ಹೇಳ್ತೇನೆ ಮಾರಾಯ್ರೆ. ಮುರ್ಡೇಶ್ವರದಿಂದ ನೇತ್ರಾಣಿಗೆ ಬೋಟ್ ಬೋಟ್ ಸ್ಕೂಬಾ ಜನ ಹೋಗ್ತಾರೆ. ಮೊದಲ ಸಲ ನೀರಿಗೆ ಇಳಿಯುವವರೇ ಜಾಸ್ತಿ. ಅವರ ನಡುವೆ ಈಟಿ ಹಿಡಿದು ಇಳಿಯುವುದಾ? ಅಲ್ಲಿಯ ಹವಳ, ತಿಮಿಂಗಿಲ ಶಾರ್ಕ್, ದೈತ್ಯ ಮುರು (ಗ್ರೂಪರ್ ಮೀನು) ಎಲ್ಲ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ. ಹುಲಿ ಇರುವ ಪಟ್ಟಿ ಅದು. ಬೇಡ.

ನನಗೆ ಇನ್ನೊಂದು ಕೇಳಬೇಕು. ನಮ್ಮ ಅಪ್ಪ ಬಲೆಯವರು, ನಾನು ಮೀನು ತಿಂದೇ ಬೆಳೆದವಳು, ಮೀನು ಹಿಡಿಯುವುದಕ್ಕೆ ನನ್ನ ತಕರಾರಿಲ್ಲ. ಆದರೆ ರೀಫ್ ಮೀನು ಬಂಗುಡೆ ಬೂತಾಯಿ ಹಾಗಲ್ಲ. ಅದು ತನ್ನ ಕಲ್ಲು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ನೀವು ಹುಡುಕಿ ಹುಡುಕಿ ದೊಡ್ಡದನ್ನೇ ಹೊಡೆದರೆ ಆ ಕಲ್ಲು ಖಾಲಿ ಅಲ್ವಾ?

ಶರಾವತಿದಂಡೆ

ಸರಿಯಾದ ಪ್ರಶ್ನೆ ಅಕ್ಕ. ಇಲ್ಲಿ ನಾವು ಹುಡುಕುವುದು ಕೋರಲ್ ಟ್ರೌಟ್. ಅದೂ ನಮ್ಮ ಮುರುವಿನ ಬಳಗವೇ. ಮುರುಗಳ ಹಾಗೆ ಹೆಣ್ಣಾಗಿ ಬೆಳೆದು ಆಮೇಲೆ ಗಂಡಾಗುತ್ತದೆ. ದೊಡ್ಡದನ್ನೇ ಆರಿಸಿ ಹೊಡೆದರೆ ಗಂಡುಗಳೇ ಖಾಲಿ. ಅದಕ್ಕೆ ನಾನು ಮಧ್ಯಮ ಗಾತ್ರದ್ದು ಒಂದೋ ಎರಡೋ ಹೊಡೆದು ಮೇಲೆ ಬರುತ್ತೇನೆ.

ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸಾಮಾನ್ಯ ಕೋರಲ್ ಟ್ರೌಟ್ 38 ಸೆಂ.ಮೀ.ಗಿಂತ ಚಿಕ್ಕದಿದ್ದರೆ ಮುಟ್ಟುವ ಹಾಗಿಲ್ಲ. ಒಬ್ಬರ ಹತ್ತಿರ ಎಲ್ಲ ಬಗೆಯ ಟ್ರೌಟ್ ಸೇರಿ ಏಳಕ್ಕಿಂತ ಜಾಸ್ತಿ ಇರಬಾರದು. ಅಕ್ಟೋಬರ್, ನವೆಂಬರ್ ಅಮಾವಾಸ್ಯೆ ಸಮಯದಲ್ಲಿ ಐದೈದು ದಿನ ರೀಫ್ ಮೀನು ಪೂರ್ತಿ ಬಂದ್, ಮೊಟ್ಟೆ ಇಡುವ ಕಾಲ. ಗ್ರೇಟ್ ಬ್ಯಾರಿಯರ್ ರೀಫ್ ಪಾರ್ಕಿನ ಮೂರನೇ ಒಂದು ಭಾಗ 2004ರಿಂದ ಹಸಿರು ವಲಯ, ಅಲ್ಲಿ ಗಾಳ ಕೂಡ ಹಾಕುವ ಹಾಗಿಲ್ಲ. ಸಿಲಿಂಡರ್ ಕಟ್ಟಿಕೊಂಡು ಈಟಿ ಹೊಡೆಯುವುದು ನಿಷೇಧ, ಉಸಿರು ಹಿಡಿದು ಹೋದರೆ ಮಾತ್ರ. ನೀವು ಹೇಳಿದ ಆ ದೈತ್ಯ ಮುರು ಇಲ್ಲಿಯೂ ಇದೆ, ಕ್ವೀನ್ಸ್‌ಲ್ಯಾಂಡ್ ಗ್ರೋಪರ್ ಅಂತಾರೆ. ಇಲ್ಲಿಯೂ ಮುಟ್ಟುವ ಹಾಗಿಲ್ಲ.

ಅಂಜಲ್ ಕೂಡ ಅದೇ ಜಾತಿಯದ್ದು ಸಿಗುತ್ತದೆ! ಆದರೆ 2023ರಿಂದ ತಲೆಗೆ ಒಂದೇ ಒಂದು.

ಮಲ್ಪೆಬಂದರು

ಒಂದೇ ಒಂದು ಅಂಜಲ್! ನಮ್ಮ ಮನೆಯಲ್ಲಿ ಮಸಾಲೆ ಹಚ್ಚುವಷ್ಟರಲ್ಲಿ ಅದು ಖಾಲಿ. ಆಯ್ತು, ಮಾಡಿ. ಫೋಟೋ ಹಾಕಿ.

ಶರಾವತಿದಂಡೆ (ಮೂರು ವಾರದ ನಂತರ)

ತಪ್ಪೊಪ್ಪಿಗೆ. ಉಳಿಚಾಣ ಸರ್ ಮಾತು ಕೇಳಲಿಲ್ಲ. ದೊಡ್ಡ ಪಟ್ಟಿಯಲ್ಲೇ ಒಂದೇ ತುಂಡಿನ ಗನ್ ಕೆತ್ತಿದೆ. ನಾಲ್ಕು ಸಂಜೆಯ ಕೆಲಸ. ಹತ್ತರಿ ಹೊಡೆಯುವಾಗ ಒಳಗೆ ಮುರಿದುಕೊಂಡಿದ್ದ ಹಳೆ ಸ್ಕ್ರೂ ಒಂದು ಅಲಗಿಗೆ ಸಿಕ್ಕಿ ಅಲಗು ಚೂರಾಯಿತು. ಆಗಲೇ ನಿಲ್ಲಿಸಬೇಕಿತ್ತು.

ಮುಗಿಸಿದ ದಿನ ನೆಟ್ಟಗಿತ್ತು, ದೇವರಾಣೆ. ಎರಡು ದಿನ ಕಾರಿನ ಹಿಂದಿನ ಸೀಟಿನಲ್ಲಿ ಬಿಸಿಲಿಗೆ ಬಿಟ್ಟಿದ್ದೆ. ತೆಗೆದು ತುದಿಯಿಂದ ತುದಿಗೆ ದಾರ ಎಳೆದು ನೋಡಿದರೆ ಮಧ್ಯದಲ್ಲಿ 4 ಮಿ.ಮೀ. ಸಂದು. ಬಾಳೆಕಾಯಿ.

ಉಳಿಚಾಣ

ಎಲ್ಲರೂ ಒಂದು ಬಾಳೆಕಾಯಿ ಮಾಡಿಯೇ ಮಾಡುತ್ತಾರೆ. ಈಗ ಪಟ್ಟಿಗಳಿಗೆ ಬನ್ನಿ. ತೇಗ ಅಂಟಿಸುವಾಗ ಎಡವುವುದು ಅದರ ಎಣ್ಣೆಯಿಂದ. ಎಪಾಕ್ಸಿ ಮೇಲೆ ಮೇಲೆ ಕೂತು ಆಮೇಲೆ ಸಿಪ್ಪೆ ಎದ್ದ ಹಾಗೆ ಬಿಡುತ್ತದೆ. 60 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಒರಟು ಮಾಡಿ. ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಒರೆಸಿ, ಬಟ್ಟೆ ಹಳದಿಯಾಗುವುದು ನಿಲ್ಲುವವರೆಗೂ. ಒರೆಸಿದ ಮೇಲೆ ತಡ ಮಾಡಬೇಡಿ, ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಕ್ಲ್ಯಾಂಪ್ ಜೋರಾಗಿ ಬಿಗಿಯಬೇಡಿ. ಮರಗೆಲಸ ಗೊತ್ತಿದ್ದವರೇ ಇದನ್ನು ಮಾಡುವುದು. ಫೆವಿಕಾಲ್ ಅಭ್ಯಾಸ! ಎಪಾಕ್ಸಿಗೆ ಸಂದಿಯಲ್ಲಿ ತೆಳುವಾಗಿ ಉಳಿಯಲು ಜಾಗ ಬೇಕು. ಪೂರ್ತಿ ಹಿಂಡಿ ತೆಗೆದರೆ ಒಣ ಸಂದಿ ಉಳಿಯುತ್ತದೆ.

ಇನ್ನು ಮೇಜಿನ ಮೇಲೆ ಅಂಟಿಸಬೇಡಿ. ಮೇಜು ನೆಟ್ಟಗಿರುವುದಿಲ್ಲ, ನಂಬಿ. ಚೌಕದ ಸ್ಟೀಲ್ ಪೈಪ್ ಒಂದು ತಂದು, ಅದಕ್ಕೆ ಪ್ಯಾಕಿಂಗ್ ಟೇಪ್ ಸುತ್ತಿ, ಅದರ ಮೈಗೆ ಒತ್ತಿ ಕ್ಲ್ಯಾಂಪ್ ಮಾಡಿ. ಟೇಪಿಗೆ ಎಪಾಕ್ಸಿ ಹಿಡಿಯಲ್ಲ.

ಶರಾವತಿದಂಡೆ

ಈ ಸಲ ಹೇಳಿದ್ದನ್ನೆಲ್ಲ ಕೇಳಿದೆ. ಮೂರು ಪಟ್ಟಿ, ಸ್ಟೀಲ್ ಪೈಪ್, ಎರಡು ದಿನ ಮುಟ್ಟಲಿಲ್ಲ. ಬಿಚ್ಚಿದ ಮೇಲೆ ಬೇಕೆಂದೇ ಕಾರಿನಲ್ಲಿ ಒಂದು ವಾರ ಇಟ್ಟೆ. ದಾರ ಎಳೆದರೆ ಸಂದಿಯಲ್ಲಿ ಒಂದು ಕಾಗದವೂ ಹೋಗುವುದಿಲ್ಲ. ಕುಣಿದುಬಿಟ್ಟೆ.

ಈಟಿ 7 ಮಿ.ಮೀ. ದಪ್ಪದ್ದು ತಂದಿದ್ದೇನೆ. ಅದು ಕೂರುವ ತೋಡಿಗೆ ಎಷ್ಟು ಆಳ?

ಉಳಿಚಾಣ

8 ಮಿ.ಮೀ. ಗುಂಡು ತುದಿಯ ಬಿಟ್ ರೌಟರಿಗೆ (ತೋಡು ಕೊರೆಯುವ ಯಂತ್ರ) ಹಾಕಿ. ಈಟಿಯ ಅರ್ಧ ಮೈ ಮುಳುಗಿದರೆ ಸಾಕು, 4 ಮಿ.ಮೀ. ಒಂದೇ ಸಲಕ್ಕೆ ಇಳಿಸಬೇಡಿ, ಎರಡು ಮೂರು ಸಲ ಓಡಿಸಿ. ರೌಟರಿನ ಬದಿಯ ಪಟ್ಟಿ (ಫೆನ್ಸ್) ಮರದ ಒಂದೇ ಪಕ್ಕಕ್ಕೆ ಒತ್ತಿರಲಿ.

ಟ್ರಿಗರ್ ಪೆಟ್ಟಿಗೆ ಕೂರುವ ಗುಂಡಿ ತೋಡು ಆದ ಮೇಲೆ ಕೊರೆಯಿರಿ, ಮೊದಲು ಬೇಡ. ಈಟಿಯ ಹಿಂದಿನ ತುದಿ ಟ್ರಿಗರಿಗೆ ಸಿಕ್ಕಿಕೊಂಡಾಗ ಇಡೀ ಈಟಿ ತೋಡಿನಲ್ಲಿ ಉದ್ದಕ್ಕೂ ಮಲಗಿರಬೇಕು. ಪೆಟ್ಟಿಗೆ ಒಂದು ಮಿ.ಮೀ. ಎತ್ತರ ಕೂತರೂ ಈಟಿ ಬಿಲ್ಲಿನ ಹಾಗೆ ಬಾಗುತ್ತದೆ. ಬಾಗಿದ ಈಟಿ ಬಿಟ್ಟ ತಕ್ಷಣ ತೋಡಿನಿಂದ ಎಗರುತ್ತದೆ. ಗುಂಡಿ ಕೊರೆಯುವಾಗ ಉಳಿ, ತಾಳ್ಮೆ ಎರಡೂ ಚೂಪಾಗಿರಲಿ. ನನಗೆ ಇದೇ ಕೆಲಸಕ್ಕೆ ಒಂದು ಪೂರ್ತಿ ಭಾನುವಾರ ಬೇಕು.

ಸಿಡ್ನಿಸಂಜೆ

ನನಗೂ ಆಸೆ ಹುಟ್ಟಿಸುತ್ತಿದ್ದೀರಿ, ಇದು ಸರಿಯಲ್ಲ. ಒಂದು ಕೇಳುತ್ತೇನೆ. ಮರದ ಗನ್ ನೀರಿನಲ್ಲಿ ತೇಲಿ ತೇಲಿ ಮೇಲಕ್ಕೆ ಎಳೆಯುವುದಿಲ್ಲವೇ?

ಶರಾವತಿದಂಡೆ

ನಿನ್ನೆ ರಾತ್ರಿ ಅದನ್ನೇ ಲೆಕ್ಕ ಹಾಕುತ್ತಿದ್ದೆ. ನನ್ನ ಮರ 110 × 4.5 × 3.5 ಸೆಂ.ಮೀ. ಅಂದರೆ ಸುಮಾರು 1,730 ಘನ ಸೆಂ.ಮೀ. ತೇಗದ ಸಾಂದ್ರತೆ 0.65 ಹಿಡಿದರೆ ತೂಕ 1,125 ಗ್ರಾಂ. ಅದು ತಳ್ಳುವ ಉಪ್ಪುನೀರಿನ ತೂಕ 1,775 ಗ್ರಾಂ. ಹಾಗಾಗಿ 650 ಗ್ರಾಂ ಮೇಲಕ್ಕೆ ಎತ್ತುತ್ತದೆ. 130 ಸೆಂ.ಮೀ. ಈಟಿ ನೀರಿನಲ್ಲಿ 340 ಗ್ರಾಂ ಕೆಳಗೆ ಎಳೆಯುತ್ತದೆ, ಟ್ರಿಗರ್ ಸುಮಾರು 130. ಉಳಿದದ್ದು 180 ಗ್ರಾಂ ತೇಲು. ಕೈ ನೋಯುತ್ತದೆ.

ಅದಕ್ಕೆ 150 ಗ್ರಾಂ ಸೀಸ ಅಡಿಯಲ್ಲಿ ತೂತು ಕೊರೆದು ಹಾಕಿ ಎಪಾಕ್ಸಿ ಸುರಿಯಬೇಕು. ಈಟಿ ಇದ್ದಾಗ ಗನ್ ನೀರಿನಲ್ಲಿ ಸುಮ್ಮನೆ ನಿಲ್ಲಬೇಕು. ಹೊಡೆದ ಮೇಲೆ ಕೈಬಿಟ್ಟರೆ ಮೇಲೆ ಬಂದು ತೇಲಬೇಕು. ಸರಿ ಅಲ್ವಾ ಸರ್?

ಉಳಿಚಾಣ

ಲೆಕ್ಕ ಸರಿ. ಆದರೆ ಸೀಸ ಈಗಲೇ ಹಾಕಬೇಡಿ. ಕೆತ್ತಿ ದುಂಡಗೆ ಮಾಡಿದ ಮೇಲೆ ಮರ ಕಡಿಮೆಯಾಗಿರುತ್ತದೆ. ಮೊದಲು ಟೇಪಿನಲ್ಲಿ ಹೊರಗೆ ಕಟ್ಟಿ ಸಮುದ್ರದಲ್ಲೇ ನೋಡಿ, ಸ್ನಾನದ ತೊಟ್ಟಿಯ ಸಿಹಿನೀರಿನಲ್ಲಿ ಅಲ್ಲ.

ಕೊನೆಗೆ ಎಣ್ಣೆ ಹಚ್ಚುವುದಾದರೆ ಒಂದು ಎಚ್ಚರ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ, ಬೆಂಕಿಕಡ್ಡಿ ಬೇಡ. ತಂತಿಯ ಮೇಲೆ ಹರಡಿ ಒಣಗಿಸಿ.

ರಾಜಾಜಿನಗರ 2ನೇ ಬ್ಲಾಕ್

ರಬ್ಬರ್ ಎಷ್ಟು ಉದ್ದ ಕತ್ತರಿಸಬೇಕು ಅಂತ ಹೇಗೆ ಗೊತ್ತಾಗುತ್ತದೆ? ಸುಮ್ನೆ ಕುತೂಹಲ.

ಉಳಿಚಾಣ

ರಬ್ಬರ್ ಸಿಕ್ಕಿಸುವ ಮುಂದಿನ ತೂತಿನಿಂದ, ಏರಿಸಿದ ರಬ್ಬರ್ ಕೂರುವ ಈಟಿಯ ಹಲ್ಲಿನವರೆಗೆ ಅಳೆಯಿರಿ. 100 ಸೆಂ.ಮೀ. ಇದ್ದರೆ ಎರಡು ಪಕ್ಕ ಸೇರಿ 200. ಅದನ್ನು 3.3ರಿಂದ ಭಾಗಿಸಿದರೆ 60. ಶುರುವಿಗೆ ಅದು ಸಾಕು, ಗಂಟಿನ ಜಾಗ ಬೇರೆ ಸೇರಿಸಿಕೊಳ್ಳಿ. ಇನ್ನೂ ಗಿಡ್ಡ ಮಾಡಿದರೆ ಶಕ್ತಿ ಬರುತ್ತದೆ, ಜೊತೆಗೆ ಒದೆತವೂ. ರಬ್ಬರಿನ ಆಯುಸ್ಸೂ ಕಡಿಮೆ.

ಏಳುಮೀಟರ್

ಎಲ್ಲರೂ ಮರದ ಬಗ್ಗೆಯೇ ಮಾತಾಡುತ್ತಿದ್ದೀರಿ. ಉಸಿರಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಹೊಸ ಗನ್ ಕೈಗೆ ಬಂದ ದಿನ ಮನುಷ್ಯ ಇನ್ನೊಂದು ಐದು ಸೆಕೆಂಡ್, ಇನ್ನೊಂದು ಐದು ಸೆಕೆಂಡ್ ಅಂತ ಕೆಳಗೇ ಇರುತ್ತಾನೆ. ನನಗೆ ಹಾಗೇ ಆಗಿತ್ತು. ಮೇಲೆ ಬಂದು ಗೆಳೆಯನ ಮುಖ ನೋಡಿದ್ದು ನೆನಪಿದೆ, ಆಮೇಲೆ ನೆನಪಿಲ್ಲ. ಅವನು ನನ್ನ ಬಾಯಿ ನೀರಿನಿಂದ ಮೇಲೆ ಹಿಡಿದಿದ್ದಕ್ಕೆ ಇಲ್ಲಿ ಟೈಪ್ ಮಾಡುತ್ತಿದ್ದೇನೆ.

ಪ್ರಜ್ಞೆ ತಪ್ಪುವುದು ಆಳದಲ್ಲಿ ಕಡಿಮೆ. ಮೇಲೆ ಬರುವಾಗಿನ ಕೊನೆಯ ಕೆಲವು ಮೀಟರಿನಲ್ಲಿ, ಇಲ್ಲ ಮೇಲೆ ಬಂದ ಮೇಲೆ. ನೀರಿನ ಒತ್ತಡ ಇಳಿದ ಹಾಗೆ ಶ್ವಾಸಕೋಶದಲ್ಲಿ ಆಮ್ಲಜನಕದ ಒತ್ತಡವೂ ಇಳಿಯುತ್ತದೆ. ಮುಳುಗುವ ಮುಂಚೆ ಜೋರುಜೋರಾಗಿ ಉಸಿರಾಡಿದರೆ ಇನ್ನೂ ಅಪಾಯ. ಉಸಿರು ಬೇಕು ಅಂತ ದೇಹ ಕೊಡುವ ಎಚ್ಚರಿಕೆಯೇ ತಡವಾಗುತ್ತದೆ. ಒಬ್ಬ ಕೆಳಗೆ, ಒಬ್ಬ ಮೇಲೆ. ಬಂದವನನ್ನು ಅರ್ಧ ನಿಮಿಷ ನೋಡುತ್ತಲೇ ಇರಬೇಕು. ಇಬ್ಬರೂ ಒಟ್ಟಿಗೆ ಮುಳುಗುವ ಹಾಗಿಲ್ಲ, ಎಷ್ಟೇ ಒಳ್ಳೆ ಮೀನಿದ್ದರೂ.

ಉಳಿಚಾಣ

ಇದಕ್ಕೆ ನನ್ನದೂ ಎರಡು ಮಾತು. ನೀರಿಗೆ ಇಳಿದ ಮೇಲೆಯೇ ರಬ್ಬರ್ ಏರಿಸಿ, ಬೋಟ್ ಹತ್ತುವ ಮುಂಚೆಯೇ ಇಳಿಸಿ. ಸೇಫ್ಟಿ ಲಾಕ್ ಇದೆ ಅಂತ ನಂಬಬೇಡಿ. ಪರೀಕ್ಷೆಗೆ ಅಂತ ಗಾಳಿಯಲ್ಲಿ ಹೊಡೆಯಲೇಬೇಡಿ. ಗಾಳಿಯಲ್ಲಿ ಈಟಿಯನ್ನು ತಡೆಯಲು ಏನೂ ಇಲ್ಲ, ಅದಕ್ಕೆ ಕಟ್ಟಿದ ದಾರದ ತುದಿ ಮುಟ್ಟಿ ವಾಪಸ್ ನಿಮ್ಮ ಕಡೆಗೇ ಬರುತ್ತದೆ.

ಶರಾವತಿದಂಡೆ (ಐದು ವಾರದ ನಂತರ)

ಗನ್ ಮುಗಿಯಿತು. ಮರಳು ತಳದ ಕಡೆ, ಯಾರೂ ಇಲ್ಲದಲ್ಲಿ, ಕಲ್ಲು ಕಟ್ಟಿದ ಫೋಮ್ ತುಂಡಿಗೆ ಹೊಡೆದು ನೋಡಿದೆ. 3 ಮೀಟರ್ ದೂರದಿಂದ ಹತ್ತು ಸಲ. ಹತ್ತೂ ಒಂದು ಗೇಣು ಮೇಲೆ. ಎಡಬಲ ಪಕ್ಕಾ, ಎತ್ತರ ಮಾತ್ರ ತಪ್ಪು. ಟ್ರಿಗರ್ ಗುಂಡಿ ಕೆಡಿಸಿದೆನಾ? ನಿದ್ದೆ ಬರುತ್ತಿಲ್ಲ.

ಉಳಿಚಾಣ

ನಿದ್ದೆ ಮಾಡಿ. ಹತ್ತೂ ಒಂದೇ ಜಾಗಕ್ಕೆ ಬಿದ್ದಿವೆ ಅಂದರೆ ಗನ್ ಸುಳ್ಳು ಹೇಳುತ್ತಿಲ್ಲ. ಒಂದು ರಬ್ಬರ್ ತೆಗೆದು ಹೊಡೆದು ನೋಡಿ. ಗುರಿ ಕೆಳಗೆ ಬಂದರೆ ಅದು ಒದೆತ. ನಿಮ್ಮ ಕೈ ಹಿಡಿಕೆಯಲ್ಲಿ ಕೆಳಗಿದೆ, ರಬ್ಬರ್ ಎಳೆಯುವುದು ಅದಕ್ಕಿಂತ ಮೇಲೆ. ಬಿಟ್ಟ ಕ್ಷಣ ಮೂತಿ ಮೇಲಕ್ಕೆ ಏಳುತ್ತದೆ. ಒಂದೇ ರಬ್ಬರಿಗೂ ಅಷ್ಟೇ ಮೇಲೆ ಹೋದರೆ ಆಗ ಗುಂಡಿ ನೋಡೋಣ.

ಶರಾವತಿದಂಡೆ

ಒಂದು ರಬ್ಬರಿಗೆ ನಾಲ್ಕು ಬೆರಳು ಮಾತ್ರ ಮೇಲೆ! ಸೀಸ ಇನ್ನೂ ಟೇಪಿನಲ್ಲೇ ಇತ್ತು. ಮಧ್ಯದಿಂದ ಬಿಚ್ಚಿ ಮೂತಿಯ ಹತ್ತಿರ ಕಟ್ಟಿದೆ. ಹಿಡಿಕೆಯನ್ನೂ ಉಳಿಯಲ್ಲಿ ಕೆತ್ತಿ ಕೈ ಒಂದು ಬೆರಳಿನಷ್ಟು ಮೇಲೆ ಕೂರುವ ಹಾಗೆ ಮಾಡಿದೆ. ರಬ್ಬರ್ ಮೊದಲಿನದಕ್ಕಿಂತ 3 ಸೆಂ.ಮೀ. ಹೆಚ್ಚು ಉದ್ದದ್ದು ಹಾಕಿದೆ. ಈಗ ಎರಡೂ ರಬ್ಬರ್ ಏರಿಸಿ ಹೊಡೆದರೂ ಅಂಗೈಯಗಲದ ಒಳಗೆ ಬೀಳುತ್ತಿದೆ.

ಉಳಿಚಾಣ

ಈಗ ಸೀಸಕ್ಕೆ ಎಪಾಕ್ಸಿ ಸುರಿಯಿರಿ.

ಶರಾವತಿದಂಡೆ

ಭಾನುವಾರ ಹೋಗಿದ್ದೆವು. ವಿಷದ ಬಾಕ್ಸ್ ಜೆಲ್ಲಿಮೀನಿನ ಕಾಲ ಮುಗಿದಿದೆ, ಆದರೂ ಮೈತುಂಬ ಲೈಕ್ರಾ ಹಾಕಿಕೊಂಡೆ. ಗೆಳೆಯ ಮೇಲೆ, ನಾನು ಕೆಳಗೆ. ಏಳೆಂಟು ಮೀಟರ್ ಆಳದಲ್ಲಿ ಹವಳದ ಚಾಚಿನ ಕೆಳಗೆ ಒಂದು ಟ್ರೌಟ್ ಮುಖ ಹೊರಗೆ ಹಾಕಿ ನಿಂತಿತ್ತು. ಹಿಂದೆ ಹವಳ ಇದ್ದರೆ ನಾನು ಹೊಡೆಯುವುದಿಲ್ಲ, ಈಟಿಯೂ ಹೋಗುತ್ತದೆ ಹವಳವೂ ಹೋಗುತ್ತದೆ. ಮರಳಿನ ಮೇಲೆ ಮಲಗಿ ಕಾದೆ. ಅದಕ್ಕೆ ಕುತೂಹಲ ಜಾಸ್ತಿ, ತಾನೇ ಹೊರಗೆ ಬಂದು ಪಕ್ಕ ತಿರುಗಿತು. ಹೊಡೆದ ಸದ್ದೇ ಬರಲಿಲ್ಲ. ಅಲ್ಯೂಮಿನಿಯಂ ಗನ್ನಿನಲ್ಲಿ ಟಣ್ ಅನ್ನುತ್ತಿತ್ತು, ಮರದಲ್ಲಿ ಮೆತ್ತಗೆ ಡಬ್ ಅಂತ ಅಷ್ಟೇ. ಮೇಲೆ ತಂದು ತಲೆಗೆ ಚುಚ್ಚಿ ತಕ್ಷಣ ಕೊಂದು ಐಸಿಗೆ ಹಾಕಿದೆವು. 43 ಸೆಂ.ಮೀ.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಕೆಂಪು ಮೈ, ನೀಲಿ ಚುಕ್ಕೆ ನೋಡಿ, "ಇದ್ಯಾಕೋ ಮುರು ಕುಂಕುಮ ಹಚ್ಕೊಂಡಿದೆ?" ಅಂದಳು. ನಾನು ಹೇಳಿರಲಿಲ್ಲ, ಬಾಯಿ ನೋಡಿಯೇ ಮುರು ಅಂತ ಗುರುತು ಹಿಡಿದಳು. ತಲೆ ಎಸೆಯಬೇಡ, ಸಾರು ಮಾಡು ಅಂದಳು. ಗನ್ ತೋರಿಸಿದರೆ ಅಪ್ಪ ಫೋನ್ ಕಿತ್ತುಕೊಂಡು ಸಂದಿ ಹತ್ತಿರ ತೋರಿಸು ಅಂತ ಹತ್ತು ನಿಮಿಷ ನೋಡಿದರು. "ಅಂಟು ಸ್ವಲ್ಪ ಜಾಸ್ತಿ ಆಯ್ತು" ಅಂದರು.

ಮಲ್ಪೆಬಂದರು

ಅಪ್ಪಂದಿರೆಲ್ಲ ಒಂದೇ. ಸಾರಿಗೆ ಕೊತ್ತಂಬರಿ ಕಡಿಮೆ ಹಾಕಿ, ಮುರುವಿಗೆ ಅದರದ್ದೇ ರುಚಿ ಇದೆ. ಹುಳಿಗೆ ಜಾರಿಗೆ ಹಣ್ಣು ಸಿಗದಿದ್ದರೆ ಹುಣಸೆ ಆದೀತು.

ಸಿಡ್ನಿಸಂಜೆ

ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ. ಬೆಂಚಿನ ಕಾಲುಗಳು ಉಳಿದಿವೆಯಾ? ಹಿಡಿಕೆ ಕೆತ್ತಲು ಒಂದು ತುಂಡು ಬೇಕಿತ್ತು. ಅಂಚೆ ಖರ್ಚು ನನ್ನದು.

ಶರಾವತಿದಂಡೆ

ಒಂದು ಕಾಲು ಇದೆ ಸರ್, ಕಳಿಸುತ್ತೇನೆ. ಉಳಿದ ಮೂರರಲ್ಲಿ ಹೆಂಡತಿ ಸ್ಟೂಲ್ ಮಾಡಿಸಿಕೊಂಡಳು. ಅದಾದ ಮೇಲೆ ಮಾತು ಶುರುವಾಗಿದೆ.